ಅಂತರ್ಜಾಲದ ಗಣಿತ ಪಾಠಗಳು ಮತ್ತು ನಮ್ಮ ಮನೆಗಳ ಕನ್ನಡ

ಮುಂಬಯಿ ಮತ್ತು ಉಪನಗರಗಳ ಕನ್ನಡ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ಮಾತು ಎಲ್ಲಿಂದಲೇ ಆರಂಭವಾಗಲಿ, ಕೊನೆಗೆ ಬಂದು ನಿಲ್ಲುವುದು ಗಣಿತದಲ್ಲಿ. ಚರಿತ್ರೆಯನ್ನು ಓದಿ ಒಪ್ಪಿಸಬಹುದು, ವಿಜ್ಞಾನದ ಚಿತ್ರಗಳನ್ನು ಬಿಡಿಸಿ ಅಂಕ ಗಳಿಸಬಹುದು. ಗಣಿತಕ್ಕೆ ಮಾತ್ರ ಮಗುವನ್ನು ‘ಕ್ಲಾಸಿಗೆ ಹಾಕಲೇಬೇಕು’ ಎಂಬುದು ನಮ್ಮಲ್ಲಿ ಬಹುತೇಕ ಒಪ್ಪಿತವಾದ ಮಾತಾಗಿದೆ. ಅದೇ ಸಮಯದಲ್ಲಿ, ಗಣಿತವನ್ನು ಕಲಿಯಲು ಮತ್ತು ಕಲಿಸಲು ಬೇಕಾದ ಸಾಮಗ್ರಿ ಅಂತರ್ಜಾಲದಲ್ಲಿ ಇಂದು ಉಚಿತವಾಗಿ, ಅದೂ ಕನ್ನಡದಲ್ಲಿ, ಹೇರಳವಾಗಿ ದೊರೆಯುತ್ತಿದೆ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗಿವೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಠಾಣೆಯ ವಾಗ್ಳೆ ಎಸ್ಟೇಟನ್ನೇ ತೆಗೆದುಕೊಳ್ಳೋಣ. 1962ರಲ್ಲಿ ಸ್ಥಾಪನೆಗೊಂಡ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಲವು, ಅಂದರೆ ನಾವೆಲ್ಲ ಎಂಐಡಿಸಿ ಎಂದು ಕರೆಯುವ ಸಂಸ್ಥೆಯು, ಮೊದಲು ಕೈಹಾಕಿದ ಕೈಗಾರಿಕಾ ವಸಾಹತು ಇದು. ಊರಿನಿಂದ ಬಂದ ನಮ್ಮವರು ಇಲ್ಲಿನ ಕಾರ್ಖಾನೆಗಳಲ್ಲಿ ಟರ್ನರ್, ಫಿಟ್ಟರ್‌ಗಳಾಗಿ, ಕ್ಯಾಂಟೀನುಗಳಲ್ಲಿ ಮಾಣಿಗಳಾಗಿ, ಮುಂದೆ ಮಾಲಕರಾಗಿ ಬದುಕು ಕಟ್ಟಿಕೊಂಡರು. ಹಗಲು ದುಡಿದು ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಕಲಿತವರ ತಲೆಮಾರು ಅದು. ಮೈಕ್ರೋಮೀಟರಿನ ಗೆರೆಗಳನ್ನು ಓದುವುದಕ್ಕೂ, ಉಧಾರಿ ಪುಸ್ತಕದ ಬಾಕಿಯನ್ನು ತಿಂಗಳ ಕೊನೆಗೆ ಕೂಡಿಸುವುದಕ್ಕೂ ಬೇಕಾದ ಗಣಿತ ಅವರಲ್ಲಿ ಇತ್ತು, ಮತ್ತು ಆ ಗಣಿತದ ಭಾಷೆ ಕನ್ನಡವಾಗಿತ್ತು. ಕಾರ್ಖಾನೆಗಳು ನಿಂತ ಹಲವು ನಿವೇಶನಗಳಲ್ಲಿ ಈಗ ಗಾಜಿನ ಐಟಿ ಕಟ್ಟಡಗಳಿವೆ. ಆ ತಲೆಮಾರಿನ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುತ್ತಿದ್ದಾರೆ. ಇದನ್ನು ತಪ್ಪೆಂದು ನಾವು ಹೇಳುವುದಿಲ್ಲ. ಬದುಕಿನ ಲೆಕ್ಕಾಚಾರ ಹಾಗಿದೆ.

ಆದರೆ ಈ ಬದಲಾವಣೆಯ ನಡುವೆ ಮನೆಯಲ್ಲಿ ಒಂದು ಕೊಂಡಿ ಕಳಚಿದೆ. ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದ ತಾಯಿಗೆ ‘ಲಸಾಅ’, ‘ಮಸಾಅ’ ಎಂದೊಡನೆ ವಿಧಾನವೆಲ್ಲ ನೆನಪಿಗೆ ಬರುತ್ತದೆ. ಮಗಳ ಪುಸ್ತಕದಲ್ಲಿ ಅವು ಎಲ್‌ಸಿಎಂ, ಎಚ್‌ಸಿಎಫ್. ನೆರೆಮನೆಯ ಮರಾಠಿ ಮಾಧ್ಯಮದ ಹುಡುಗನಿಗೆ ಅವೇ ಲಸಾವಿ, ಮಸಾವಿ. ತಾಯಿಯ ಭಿನ್ನರಾಶಿ ಮಗಳಿಗೆ ಫ್ರ್ಯಾಕ್ಷನ್, ನೆರೆಯವನಿಗೆ ಅಪೂರ್ಣಾಂಕ. ಲೆಕ್ಕ ಒಂದೇ, ತಿಳಿವಳಿಕೆಯೂ ಇದೆ, ಹೆಸರು ಮಾತ್ರ ಬೇರೆ. ಆ ಹೆಸರಿನ ಗೋಡೆಯ ಮುಂದೆ ನಿಂತ ತಾಯಿ ‘ನನಗೆ ಇದೆಲ್ಲ ಗೊತ್ತಾಗುವುದಿಲ್ಲ, ಕ್ಲಾಸಿನ ಟೀಚರನ್ನು ಕೇಳು’ ಎನ್ನುತ್ತಾಳೆ. ಐದನೆಯ ತರಗತಿಯ ಸುಮಾರಿಗೆ ಈ ಮಾತು ಅನೇಕ ಮನೆಗಳಲ್ಲಿ ಬರುತ್ತದೆ. ಅಂದಿನಿಂದ ಮಗುವಿನ ದೃಷ್ಟಿಯಲ್ಲಿ ಅಮ್ಮನ ಭಾಷೆ ಊಟಕ್ಕೆ ಕರೆಯುವ, ಊರಿಗೆ ಫೋನು ಮಾಡುವ ಭಾಷೆ; ತಲೆ ಓಡಿಸುವ ಭಾಷೆ ಬೇರೆ. ಭಾಷೆಯ ಉಳಿವಿನ ಬಗ್ಗೆ ನಮ್ಮ ವೇದಿಕೆಗಳಲ್ಲಿ ಆಗುವ ಭಾಷಣಗಳಿಗಿಂತ ಈ ಸಣ್ಣ ಸಂಭಾಷಣೆಯ ಪರಿಣಾಮ ದೊಡ್ಡದೆಂಬುದು ನಮ್ಮ ಅಭಿಪ್ರಾಯ.

ಇಲ್ಲಿ ನೆರವಾಗಬಲ್ಲ ಸಾಧನವೊಂದು ನಮ್ಮ ರಾಜ್ಯ ಸರಕಾರದ ಬಳಿಯೇ ಇದೆ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಗೊಂಡ ಪಠ್ಯಪುಸ್ತಕ ಸಂಸ್ಥೆ ‘ಬಾಲಭಾರತಿ’ ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗು ಭಾಷೆಗಳೊಂದಿಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಅಕ್ಕಲಕೋಟೆ, ಜತ್ತ ಮುಂತಾದ ಗಡಿಭಾಗದ ಶಾಲೆಗಳಿಗೂ ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಿಗೂ ಹೋಗುವುದು ಈ ಪುಸ್ತಕಗಳೇ. ಇವೆಲ್ಲವೂ ಸಂಸ್ಥೆಯ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ. ಕನ್ನಡ ಮಾಧ್ಯಮ ಶಾಲೆಗಳು ಕ್ಷೀಣಿಸುತ್ತಿರುವಾಗ ಈ ಪುಸ್ತಕಗಳಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನ ಇಲ್ಲಿದೆ: ಎಸ್‌ಎಸ್‌ಸಿ ಮಂಡಳಿಯ ಇಂಗ್ಲಿಷ್ ಮಾಧ್ಯಮದ ಗಣಿತ ಪುಸ್ತಕ ಮತ್ತು ಕನ್ನಡ ಮಾಧ್ಯಮದ ಗಣಿತ ಪುಸ್ತಕ ಒಂದೇ ಪಠ್ಯದ ಎರಡು ರೂಪಗಳು. ಪಾಠಗಳ ಕ್ರಮ ಅದೇ, ಲೆಕ್ಕಗಳು ಅವೇ. ಮಗಳ ಕೈಯಲ್ಲಿ ಇಂಗ್ಲಿಷ್ ಪುಸ್ತಕ, ತಾಯಿಯ ಮೊಬೈಲಿನಲ್ಲಿ ಕನ್ನಡ ಪುಸ್ತಕ. ಇಬ್ಬರೂ ಒಂದೇ ಲೆಕ್ಕದ ಮುಂದೆ ಕುಳಿತುಕೊಳ್ಳಬಹುದು. ಕನ್ನಡ ಮಾಧ್ಯಮದ ವಿದ್ಯಾರ್ಥಿಗಾಗಿ ಬರೆದ ಪುಸ್ತಕ ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಯ ಪಾಲಕರ ಕೈಪಿಡಿಯೂ ಆಗಬಲ್ಲದು. ಸಿದ್ಧಪಡಿಸಿದವರು ಈ ಉಪಯೋಗವನ್ನು ಬಹುಶಃ ಎಣಿಸಿರಲಿಕ್ಕಿಲ್ಲ.

ಸಿಬಿಎಸ್‌ಇ ಶಾಲೆಗಳಲ್ಲಿ ಮಕ್ಕಳನ್ನು ಸೇರಿಸಿದವರಿಗೂ ಇಂತಹ ಒಂದು ದಾರಿಯಿದೆ. ಕರ್ನಾಟಕ ಸರಕಾರವು ಪ್ರೌಢಶಾಲೆಯ ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಅಳವಡಿಸಿಕೊಂಡದ್ದರಿಂದ, ಅಲ್ಲಿನ ಹತ್ತನೆಯ ತರಗತಿಯ ಕನ್ನಡ ಗಣಿತ ಪುಸ್ತಕ ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪುಸ್ತಕದ ಅನುವಾದವೇ ಆಗಿದೆ. ರಾಷ್ಟ್ರೀಯ ಪುಸ್ತಕಗಳು 2020ರ ಶಿಕ್ಷಣ ನೀತಿಯಂತೆ ಹಂತಹಂತವಾಗಿ ಬದಲಾಗುತ್ತಿರುವುದರಿಂದ ಈ ಹೊಂದಿಕೆ ಸದಾಕಾಲ ಹೀಗೆಯೇ ಇರುತ್ತದೆಂದು ಹೇಳಲಾಗದು. ಇಳಿಸಿಕೊಳ್ಳುವ ಮೊದಲು ಪರಿವಿಡಿಯನ್ನು ಹೋಲಿಸಿ ನೋಡುವುದು ಒಳ್ಳೆಯದು. ಐಸಿಎಸ್‌ಇಗೆ ಇಂತಹ ಜೋಡಿ ಪುಸ್ತಕವಿಲ್ಲ.

ಇವಲ್ಲದೆ 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ ‘ದೀಕ್ಷಾ’ ವೇದಿಕೆಯಿದೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಆಯಾ ಪಾಠದ ದೃಶ್ಯಗಳು ತೆರೆದುಕೊಳ್ಳುತ್ತವೆ. ಬೆಂಗಳೂರಿನ ಅಕ್ಷರ ಪ್ರತಿಷ್ಠಾನವು ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಗಣಿತ ಆಟದ ಆ್ಯಪನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಒದಗಿಸಿದೆ. ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲ ಸಂಪರ್ಕವಿಲ್ಲದೆಯೂ ಅದು ನಡೆಯುತ್ತದೆ. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲಿಯೂ ಲಭ್ಯವಿವೆ. ಅಮೆರಿಕದಲ್ಲಿದ್ದ ಸಲ್ಮಾನ್ ಖಾನ್ ಎಂಬವರು 2004ರಲ್ಲಿ ಬೇರೊಂದು ಊರಿನಲ್ಲಿದ್ದ ತಮ್ಮ ಸಂಬಂಧಿಕರ ಮಗಳಿಗೆ ದೂರದಿಂದಲೇ ಲೆಕ್ಕ ಹೇಳಿಕೊಡಲು ಆರಂಭಿಸಿದ್ದರಿಂದ ಹುಟ್ಟಿದ ಸಂಸ್ಥೆಯಿದು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಲೋಕವಿಖ್ಯಾತವಾದ ಈ ಜಾಲತಾಣದ ಮೂಲದಲ್ಲಿ ಇದ್ದದ್ದು ಮನೆಯ ಹಿರಿಯನೊಬ್ಬನ ಬಿಡುವಿನ ವೇಳೆ. ಶಿಕ್ಷಕರಿಗಾಗಿಯೇ ರೂಪುಗೊಂಡ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣವೂ ಇದೆ. ಅದು ಮಕ್ಕಳಿಗೆ ನೇರವಾಗಿ ಉಪಯುಕ್ತವಾಗುವುದು ಕಡಿಮೆ. ಕಲಿಸುವ ಮನಸ್ಸುಳ್ಳ ಹಿರಿಯರಿಗೆ ಅದರಲ್ಲಿ ಬಹಳಷ್ಟಿದೆ.

ಹಣ ತೆತ್ತು ಪಡೆಯುವ ಆ್ಯಪುಗಳ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾಗಿ 2022ರಲ್ಲಿ ಸುಮಾರು 22 ಶತಕೋಟಿ ಡಾಲರ್ ಮೌಲ್ಯದ್ದೆಂದು ಎಣಿಸಲ್ಪಟ್ಟ ಬೈಜೂಸ್ ಸಂಸ್ಥೆ 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕೊರೊನಾ ಕಾಲದಲ್ಲಿ ಕಂತಿನ ಸಾಲ ಮಾಡಿ ಇಂತಹ ಪಾಠಗಳನ್ನು ಕೊಂಡ ಮಧ್ಯಮ ವರ್ಗದ ಕುಟುಂಬಗಳು ದೇಶದಾದ್ಯಂತ ಇದ್ದವು. ಪಾಠದ ದೃಶ್ಯಗಳು ಚೆನ್ನಾಗಿಯೇ ಇದ್ದವೆಂಬುದನ್ನು ಒಪ್ಪಬೇಕು. ಆದರೆ ಒಳ್ಳೆಯ ದೃಶ್ಯ ಮತ್ತು ಕಲಿತ ಮಗು ಇವೆರಡರ ನಡುವೆ ಇರುವ ದೂರವನ್ನು ಯಾವ ಜಾಹೀರಾತೂ ಅಳೆದು ತೋರಿಸಲಿಲ್ಲ.

ಈ ದೂರದ ಬಗ್ಗೆ ಒಂದಿಷ್ಟು ಅಂಕಿ ಅಂಶ ನಮ್ಮ ಮುಂದಿದೆ. ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದ ‘ಪ್ರಥಮ್’ ಸಂಸ್ಥೆಯ ಆಸರ್ ಸಮೀಕ್ಷೆಯ 2024ರ ವರದಿಯಂತೆ, ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಭಾಗಾಕಾರ ಮಾಡಬಲ್ಲವರು ಶೇ. 30.7 ಮಾತ್ರ. ಅದೇ ವರದಿಯಲ್ಲಿ, 14ರಿಂದ 16ರ ವಯಸ್ಸಿನವರಲ್ಲಿ ಶೇ. 82ರಷ್ಟು ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲವರು. ಅಂಥವರಲ್ಲಿ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ. 57, ಸಾಮಾಜಿಕ ಮಾಧ್ಯಮಗಳಿಗೆ ಬಳಸಿದವರು ಶೇ. 76. ಇವು ಹಳ್ಳಿಗಳ ಸಂಖ್ಯೆಗಳು, ಠಾಣೆ ಡೊಂಬಿವಲಿಗಳಿಗೆ ಹಾಗೆಯೇ ಹೊಂದಿಸಲಾಗದು. ಆದರೂ ಉಪಕರಣ ಕೈಗೆ ಬಂದ ಮಾತ್ರಕ್ಕೆ ಭಾಗಾಕಾರ ಬರುವುದಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ. ನಗರದ ಮಕ್ಕಳ ಸಮಸ್ಯೆ ಇನ್ನೊಂದು ಬಗೆಯದು. ಲೆಕ್ಕದ ಚಿತ್ರ ತೆಗೆದರೆ ಉತ್ತರವನ್ನು ಹಂತಹಂತವಾಗಿ ಬರೆದುಕೊಡುವ ಆ್ಯಪುಗಳೂ ಕೃತಕ ಬುದ್ಧಿಮತ್ತೆಯ ಸಾಧನಗಳೂ ಅವರ ಕೈಯಲ್ಲಿವೆ. ಮನೆಗೆಲಸದ ಪುಸ್ತಕ ತುಂಬುತ್ತದೆ, ಪರೀಕ್ಷೆಯ ದಿನ ಕೈ ಓಡುವುದಿಲ್ಲ.

ಭಾಷೆಗೂ ಗಣಿತಕ್ಕೂ ನಿಜವಾಗಿ ಸಂಬಂಧವಿದೆಯೇ, ಅಥವಾ ಇದು ಅಭಿಮಾನಿಗಳ ಕಲ್ಪನೆಯೇ? ಈ ಪ್ರಶ್ನೆಯ ಮೇಲೆ ನಮ್ಮ ಮಹಾರಾಷ್ಟ್ರದಲ್ಲಿಯೇ 2019ರ ಜೂನ್ ತಿಂಗಳಲ್ಲಿ ದೊಡ್ಡ ವಿವಾದವೊಂದು ನಡೆದು ವಿಧಾನಮಂಡಲದವರೆಗೂ ಹೋಯಿತು. ಬಾಲಭಾರತಿಯ ಎರಡನೆಯ ತರಗತಿಯ ಮರಾಠಿ ಗಣಿತ ಪುಸ್ತಕದಲ್ಲಿ 21ನ್ನು ‘ಏಕವೀಸ’ ಎನ್ನುವುದರ ಜೊತೆಗೆ ‘ವೀಸ ಏಕ’ ಎಂದು ಓದುವ ಕ್ರಮವನ್ನು ತರಲಾಗಿತ್ತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದವರು 2023ರಲ್ಲಿ ತೀರಿಕೊಂಡ ಗಣಿತಜ್ಞೆ ಮಂಗಲಾ ನಾರಳೀಕರ್. ಮರಾಠಿಯಲ್ಲಿ ಬಿಡಿಯ ಹೆಸರು ಮೊದಲು, ಹತ್ತರ ಹೆಸರು ಆಮೇಲೆ. ಬರೆಯುವಾಗ 2 ಮೊದಲು, 1 ಆಮೇಲೆ. ಹೇಳುವ ಕ್ರಮ ಮತ್ತು ಬರೆಯುವ ಕ್ರಮ ತಿರುವುಮುರುವಾದಾಗ ಪುಟ್ಟ ಮಗು 21ಕ್ಕೆ 12 ಬರೆಯುತ್ತದೆ. ಅದರ ಮೇಲೆ 59ಕ್ಕೆ ‘ಏಕೋಣಸಾಠ’, ಅಂದರೆ ಅರವತ್ತಕ್ಕೆ ಒಂದು ಕಡಿಮೆ, ಎಂಬಂತಹ ಹೆಸರುಗಳು. ಇಂಗ್ಲಿಷಿನಲ್ಲಿ, ದಕ್ಷಿಣದ ಭಾಷೆಗಳಲ್ಲಿ ಹತ್ತುಗಳೇ ಮೊದಲು ಬರುವುದರಿಂದ ಮಕ್ಕಳಿಗೆ ಸುಲಭವಾಗುತ್ತದೆ ಎಂಬುದು ಬದಲಾವಣೆಯ ಪರವಾಗಿದ್ದವರ ವಾದ. ಮರಾಠಿಯ ಸೊಗಸು ಕೆಡುತ್ತದೆ ಎಂಬುದು ಎದುರು ಪಕ್ಷದವರ ಅಳಲು. ಅಳಲು ಅಸಹಜವೇನಲ್ಲ, ತಾಯಿಯಿಂದ ಕಲಿತ ಎಣಿಕೆಯನ್ನು ಸರಕಾರ ತಿದ್ದಿದರೆ ಯಾರಿಗಾದರೂ ನೋವಾಗುತ್ತದೆ. ನಾರ್ವೆ ದೇಶ 1951ರಲ್ಲಿ ಇಂತಹುದೇ ಬದಲಾವಣೆಯನ್ನು ಮಾಡಿತು. ಅಲ್ಲಿ ಅದನ್ನು ಕೇಳಿದ್ದು ಶಾಲೆಗಳಿಗಿಂತ ಹೆಚ್ಚಾಗಿ ದೂರವಾಣಿ ಇಲಾಖೆ. ಸಂಖ್ಯೆಗಳು ಹಿಂದುಮುಂದಾಗಿ ತಪ್ಪು ಕರೆಗಳು ಹೋಗುತ್ತಿದ್ದವಂತೆ.

ಈ ವಿವಾದವನ್ನು ಪಕ್ಕದಲ್ಲಿ ನಿಂತು ನೋಡಿದ ನಮ್ಮವರಲ್ಲಿ ಎಷ್ಟು ಮಂದಿ ತಮ್ಮ ಕನ್ನಡದತ್ತ ಒಮ್ಮೆ ತಿರುಗಿ ನೋಡಿದರು? ‘ಇಪ್ಪತ್ತೊಂದು’ ಎಂಬಲ್ಲಿ ಇಪ್ಪತ್ತು ಮೊದಲು, ಒಂದು ಆಮೇಲೆ. ‘ಐವತ್ತೊಂಬತ್ತು’ ಎಂದರೆ ಐವತ್ತು ಮತ್ತು ಒಂಬತ್ತು. ಇಪ್ಪತ್ತರಿಂದ ಮುಂದೆ ಹತ್ತುಗಳ ಹೆಸರು, ಒಂದರಿಂದ ಒಂಬತ್ತರ ಹೆಸರು ತಿಳಿದರೆ ತೊಂಬತ್ತೊಂಬತ್ತರವರೆಗೆ ಬೇರೇನನ್ನೂ ಕಂಠಪಾಠ ಮಾಡಬೇಕಾಗಿಲ್ಲ. ಸ್ಥಾನಬೆಲೆಯ ಪಾಠವನ್ನು ಭಾಷೆಯೇ ಮಾಡಿ ಮುಗಿಸಿರುತ್ತದೆ. ಮನೆಯಲ್ಲಿ ತುಳು ಆಡುವವರ ‘ಇರ್ವತ್ತೊಂಜಿ’ಗೂ ಇದೇ ಮಾತು ಸಲ್ಲುತ್ತದೆ. (ಕೊಂಕಣಿ ಬಂಧುಗಳು ಮಾತ್ರ ಈ ವಿಷಯದಲ್ಲಿ ಮರಾಠಿಯ ಪಂಕ್ತಿಯಲ್ಲಿದ್ದಾರೆ.) ಭಿನ್ನರಾಶಿಗಳಲ್ಲಿಯೂ ಹಾಗೆಯೇ. ಮಾರುಕಟ್ಟೆಯಲ್ಲಿ ನಾವು ದಿನವೂ ಕೇಳುವ ಮರಾಠಿಯ ಸವ್ವಾ, ದೀಡ, ಅಡೀಚ ಎಂಬವು ತಮ್ಮೊಳಗಿನ ಲೆಕ್ಕವನ್ನು ತೋರಿಸಿಕೊಡುವುದಿಲ್ಲ. ಒಂದೂಕಾಲು, ಒಂದೂವರೆ, ಎರಡೂವರೆ ಎಂಬವು ತಮ್ಮ ಲೆಕ್ಕವನ್ನು ತಾವೇ ಬಿಡಿಸಿ ಹೇಳುತ್ತವೆ. ಇದರರ್ಥ ಮರಾಠಿಗರು ಲೆಕ್ಕದಲ್ಲಿ ಹಿಂದೆಂದಲ್ಲ. ಪಾವಕಿ, ನಿಮಕಿ, ದಿಡಕಿ, ಅಡಿಚಕಿ ಎಂದು ಕಾಲು, ಅರೆ, ಒಂದೂವರೆ, ಎರಡೂವರೆಯ ಮಗ್ಗಿಗಳನ್ನು ಬಾಯಿಪಾಠ ಮಾಡಿದ ಹಿರಿಯರು ಅವರಲ್ಲಿ ಇಂದಿಗೂ ಇದ್ದಾರೆ, ಅವರ ಬಾಯಿಲೆಕ್ಕದ ವೇಗ ನಮ್ಮನ್ನು ಬೆರಗುಗೊಳಿಸುತ್ತದೆ. ನಮ್ಮ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳೂ ಅದೇ ಪಾಠಶಾಲೆಯ ಆಸ್ತಿ. ನಾಲ್ಕೈದು ವರ್ಷದ ಮಗುವಿಗೆ ನೂರರವರೆಗೆ ಎಣಿಸುವುದನ್ನು ಮೊದಲು ಕನ್ನಡದಲ್ಲಿ ಕಲಿಸಿದರೆ ಇಂಗ್ಲಿಷ್ ಶಾಲೆಯಲ್ಲಿ ಅದು ಹಿಂದೆ ಬೀಳುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂದು ಹೇಳಲು ಇಷ್ಟು ವಿವರ.

ಹಾಗಾದರೆ ಪಾಲಕರು ಮಾಡಬಹುದಾದುದೇನು, ನಮ್ಮ ಸಂಘಗಳು ಮಾಡಬಹುದಾದುದೇನು? ಇದಕ್ಕೆ ಅನಿರೀಕ್ಷಿತ ಮೂಲೆಯೊಂದರಿಂದ ಉತ್ತರ ಬಂದಿದೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ಆಫ್ರಿಕದ ಬೋಟ್ಸ್ವಾನ ದೇಶದಲ್ಲಿ ಸುಮಾರು 4500 ಕುಟುಂಬಗಳ ನಡುವೆ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳನ್ನು ಬರಿಯ ಮೊಬೈಲ್ ಸಂದೇಶವಾಗಿ ಕಳುಹಿಸಲಾಯಿತು. ಕೆಲವು ಮನೆಗಳಿಗೆ ಸಂದೇಶದ ಜೊತೆಗೆ ಶಿಕ್ಷಕರು ಸುಮಾರು ಇಪ್ಪತ್ತು ನಿಮಿಷಗಳ ಕರೆ ಮಾಡಿ, ಮನೆಯ ಹಿರಿಯರನ್ನೂ ಕೂರಿಸಿಕೊಂಡು ಮಗುವಿನೊಂದಿಗೆ ಲೆಕ್ಕ ಮಾಡಿದರು. ಬರಿಯ ಸಂದೇಶದಿಂದ ಹೇಳಿಕೊಳ್ಳುವಂತಹ ಕಲಿಕೆಯಾಗಲಿಲ್ಲ. ಕರೆ ಬಂದ ಮನೆಗಳ ಮಕ್ಕಳಲ್ಲಿ ಆಯಿತು. 2022ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮುಂದೆ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಕರ್ನಾಟಕದಲ್ಲಿ ಇದೇ ಮಾದರಿಯಲ್ಲಿ ‘ಗಣಿತ ಗಣಕ’ ಎಂಬ ಕಾರ್ಯಕ್ರಮದಡಿ ಸರಕಾರಿ ಶಾಲೆಗಳ ಶಿಕ್ಷಕರು ಮೂರರಿಂದ ಐದನೆಯ ತರಗತಿಯ ಮಕ್ಕಳಿಗೆ ದೂರವಾಣಿಯಲ್ಲಿ ಮೂಲ ಗಣಿತ ಹೇಳಿಕೊಡುತ್ತಾರೆ. ಬಣ್ಣದ ಪರದೆಯಿಲ್ಲ, ಹೊಳೆಯುವ ಚಿತ್ರಗಳಿಲ್ಲ. ಮಗುವಿಗೆ ಪರಿಚಯವಿರುವ ಭಾಷೆಯಲ್ಲಿ ಒಬ್ಬ ಹಿರಿಯರ ಧ್ವನಿ, ಮತ್ತು ಪಕ್ಕದಲ್ಲಿ ಮನೆಯವರು.

ಇಂತಹ ಧ್ವನಿಗಳಿಗೆ ನಮ್ಮಲ್ಲಿ ಬರವಿಲ್ಲ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ಈ ಮಹಾನಗರಕ್ಕೆ ಎಷ್ಟು ಮಂದಿ ಕನ್ನಡಿಗರನ್ನು ಕರೆತಂದವೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ವಿಲೀನವಾಗಿ ಅವುಗಳ ಫಲಕಗಳು ಇಳಿದವು. ಅಲ್ಲಿ ಲೆಡ್ಜರ್ ಬರೆದು, ಅಸಲು ಬಡ್ಡಿಗಳನ್ನು ಬಾಯಲ್ಲೇ ಲೆಕ್ಕ ಹಾಕಿ ನಿವೃತ್ತರಾದವರು ಠಾಣೆ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಸಂಘಗಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತಾರೆ. ವಾರಕ್ಕೆ ಇಪ್ಪತ್ತು ನಿಮಿಷ, ಇಬ್ಬರು ಮಕ್ಕಳು, ಒಂದು ಫೋನು. ಮಗುವಿನ ಕೈಯಲ್ಲಿ ಶಾಲೆಯ ಪುಸ್ತಕ, ಹಿರಿಯರ ಕೈಯಲ್ಲಿ ಅದರ ಕನ್ನಡ ರೂಪ. ಸಭಾಗೃಹದ ಬಾಡಿಗೆ ಬೇಡ, ಶಾಲು ಫಲಪುಷ್ಪ ಬೇಡ. ಪ್ರತಿಭಾ ಪುರಸ್ಕಾರಕ್ಕೆ ಪ್ರತಿವರ್ಷ ಶ್ರಮಿಸುವ ಸಂಘಗಳಿಗೆ ಇದರ ವ್ಯವಸ್ಥೆ ಕಷ್ಟದ ಕೆಲಸವೇನಲ್ಲ. ತೊಂಬತ್ತು ಶೇಕಡಾ ತೆಗೆದವರನ್ನು ವೇದಿಕೆಗೆ ಕರೆಯುವುದು ಸರಿಯೇ. ಭಾಗಾಕಾರದಲ್ಲಿ ತಡವರಿಸಿದವರನ್ನು ಕರೆಯುವವರು ಯಾರು?

ಮೊದಲ ಕರೆಯಲ್ಲಿ ಏನು ಹೇಳಿಕೊಡಬೇಕು ಎಂದು ಅಳುಕುವವರಿಗೆ ಠಾಣೆಯದೇ ಒಂದು ಲೆಕ್ಕವಿದೆ. ಆಗ ಠಾಣೆ ಜಿಲ್ಲೆಗೆ ಸೇರಿದ್ದ ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿ, ಠಾಣೆಯಲ್ಲಿ ಶಾಲೆ ಕಲಿತು, ನಾಸಿಕದ ಬಳಿಯ ದೇವಳಾಲಿಯಲ್ಲಿ ಜೀವಮಾನವಿಡೀ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರ್ ಅವರು 1949ರಲ್ಲಿ ಕಂಡುಕೊಂಡ ಸಂಖ್ಯೆ 6174. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಬೇಕು; ಬಂದ ಶೇಷಕ್ಕೂ ಹಾಗೆಯೇ ಮಾಡುತ್ತಾ ಹೋದರೆ ಏಳು ಹೆಜ್ಜೆಗಳೊಳಗೆ 6174 ಬರುತ್ತದೆ, ಮುಂದೆ ಅದೇ ನಿಲ್ಲುತ್ತದೆ. ಎಂಐಡಿಸಿ ಹುಟ್ಟಿದ 1962ನ್ನೇ ನೋಡಿ: 9621ರಿಂದ 1269ನ್ನು ಕಳೆದರೆ 8352, 8532ರಿಂದ 2358ನ್ನು ಕಳೆದರೆ 6174. ಎರಡೇ ಹೆಜ್ಜೆ. ಕಾಪ್ರೇಕರರ ಬಳಿ ಯಾವ ಯಂತ್ರವೂ ಇರಲಿಲ್ಲ, ಕಾಗದ ಪೆನ್ಸಿಲು ಇತ್ತು. ಮಗು ತಾನು ಹುಟ್ಟಿದ ವರ್ಷವನ್ನು ತೆಗೆದುಕೊಳ್ಳಲಿ, ಅಜ್ಜ ತಾನು ಮುಂಬಯಿಗೆ ಬಂದ ವರ್ಷವನ್ನು ತೆಗೆದುಕೊಳ್ಳಲಿ. ಯಾರದು ಎಷ್ಟು ಹೆಜ್ಜೆಯಲ್ಲಿ ಮುಗಿಯುತ್ತದೆಂದು ನೋಡಲು ಬೇಕಾಗುವುದು ಎರವಲು ಪಡೆದು ಕಳೆಯುವ ಲೆಕ್ಕ ಮಾತ್ರ. ಆ ಎರವಲಿಗೆ ಶಾಲೆಯಲ್ಲಿ ‘ಬಾರೋ’ ಎನ್ನುತ್ತಾರೆಂದು ಮಗು ಅಜ್ಜನಿಗೆ ಹೇಳಿಕೊಡಬಹುದು.